ಸುಮ್ಮನೆ ಓದಲು ಹದಿನೈದು ನಿಮಿಷ

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಕೀಲುನೋವು ಮೊದಲಾದವುಗಳನ್ನು ಕುರಿತು ತಜ್ಞ ವೈದ್ಯರು ಲೇಖನಗಳನ್ನು ಬರೆಯುವುದು ವಾಡಿಕೆ. ಅವನ್ನು ನಾವೆಲ್ಲ ಆಸಕ್ತಿಯಿಂದ ಓದುತ್ತೇವೆ. ಕೆಲವನ್ನು ಕತ್ತರಿಸಿ ಇಟ್ಟುಕೊಳ್ಳುವುದೂ ಉಂಟು. ನಾನು ವೈದ್ಯನಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕು ಈ ಭಾಗ್ಯನಗರದ ಶಾಲೆಗಳಲ್ಲಿ ಸೀಮೆಸುಣ್ಣದ ಧೂಳನ್ನು ಸೇವಿಸಿ ನಿವೃತ್ತನಾದ ಪ್ರಾಥಮಿಕ ಶಾಲೆಯ ಉಪಾಧ್ಯಾಯ. ಆದರೂ ನಾನೀಗ ಹೇಳಹೊರಟಿರುವುದು ಆರೋಗ್ಯಕ್ಕೆ ಸಂಬಂಧಿಸಿದ ವಿಷಯವೇ ಎಂದು ನನ್ನ ನಂಬಿಕೆ. ದೇಹಕ್ಕೆ ಅನ್ನ, ನಿದ್ರೆ, ವ್ಯಾಯಾಮಗಳು ಹೇಗೋ ಹಾಗೆ ಮಗುವಿನ ಮನಸ್ಸಿಗೂ ಕೆಲವು ನಿತ್ಯದ ಅಗತ್ಯಗಳಿವೆ. ಅವುಗಳಲ್ಲಿ ಒಂದು ನಮ್ಮ ಶಾಲೆಗಳ ವೇಳಾಪಟ್ಟಿಯಿಂದ ಬಿಟ್ಟುಹೋಗಿದೆ.

ಕೆಲವು ತಿಂಗಳ ಹಿಂದಿನ ಮಾತು. ನಾಲ್ಕನೆಯ ತರಗತಿಯಲ್ಲಿ ಕಲಿಯುತ್ತಿರುವ ನನ್ನ ಮೊಮ್ಮಗಳು ಸಂಜೆ ಶಾಲೆಯಿಂದ ಬಂದು ಚೀಲವನ್ನು ಮಂಚದ ಮೇಲೆ ಒಗೆದಳು. ಕುತೂಹಲಕ್ಕೆ ಎತ್ತಿ ನೋಡಿದೆ. ನನ್ನ ಹೆಗಲಿಗೇ ಭಾರವಾಗುವಷ್ಟಿತ್ತು. "ಇಷ್ಟು ಪುಸ್ತಕ ಅವಲ್ಲವ್ವ, ಇವತ್ತು ಯಾವ ಪುಸ್ತಕ ಓದಿದಿ?" ಎಂದು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, "ಅಜ್ಜಾ, ಸಾಲ್ಯಾಗ ಓದ್ಲಿಕ್ಕೆ ಟೈಮ್ ಎಲ್ಲಿ ಅದ?" ಎಂದಳು.

ನಾನು ನಕ್ಕೆ. ಆದರೆ ಆ ಮಾತು ರಾತ್ರಿಯೆಲ್ಲ ಕೊರೆಯಿತು. ಮಗು ಸುಳ್ಳು ಹೇಳಿರಲಿಲ್ಲ. ಶಾಲೆಯಲ್ಲಿ ಬರೆಯಲು ಸಮಯವಿದೆ, ನಕಲು ಮಾಡಲು ಸಮಯವಿದೆ, ಒಪ್ಪಿಸಲು ಸಮಯವಿದೆ, ಪರೀಕ್ಷೆಗೆ ಸಮಯವಿದೆ. ಒಬ್ಬ ಹುಡುಗನೋ ಹುಡುಗಿಯೋ ತನಗೆ ಇಷ್ಟವಾದ ಪುಸ್ತಕವೊಂದನ್ನು ತೆರೆದು, ಯಾರ ಹಂಗೂ ಇಲ್ಲದೆ, ತುಟಿ ಅಲುಗಿಸದೆ, ತನ್ನಷ್ಟಕ್ಕೆ ತಾನು ಓದಲು ಮಾತ್ರ ಸಮಯವಿಲ್ಲ. ಓದು ಕಲಿಸುವುದಕ್ಕೆಂದೇ ಹುಟ್ಟಿದ ಸಂಸ್ಥೆಯಲ್ಲಿ ಓದಿಗೆ ಎಡೆಯಿಲ್ಲವೆಂದರೆ ಇದಕ್ಕಿಂತ ವಿಪರ್ಯಾಸ ಬೇರೇನಿದೆ?

ಪ್ರಾಥಮಿಕ ಶಾಲೆಯ ಪ್ರತಿದಿನದ ವೇಳಾಪಟ್ಟಿಯಲ್ಲಿ ಹದಿನೈದು ನಿಮಿಷಗಳನ್ನು ಮೌನವಾಚನಕ್ಕಾಗಿ ಮೀಸಲಿಡಬೇಕು ಎಂಬುದೇ ಈ ಲೇಖನದ ಅಭಿಪ್ರಾಯ. ಆ ಹೊತ್ತಿನಲ್ಲಿ ಮಕ್ಕಳೆಲ್ಲರೂ ಓದಬೇಕು, ಉಪಾಧ್ಯಾಯರೂ ಓದಬೇಕು. ಪುಸ್ತಕ ಮಗುವಿನ ಆಯ್ಕೆ. ಓದಿ ಮುಗಿದ ಮೇಲೆ ಪ್ರಶ್ನೆಯಿಲ್ಲ, ಅಂಕವಿಲ್ಲ, ಸಾರಾಂಶ ಬರೆಯುವ ಶಿಕ್ಷೆಯಿಲ್ಲ.

ಗಟ್ಟಿ ಓದಿನ ಪರಂಪರೆ

ಇದು ಪಾಶ್ಚಾತ್ಯರ ಅನುಕರಣೆಯೆಂದು ಕೆಲವು ಹಿರಿಯರು ಆಕ್ಷೇಪಿಸಬಹುದು. ನಮ್ಮದು ಧ್ವನಿಯ ಪರಂಪರೆ ಎಂಬುದೇನೋ ನಿಜ. ವೇದವು ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಹರಿದು ಬಂದಿತು. ಊರ ಜಗಲಿಯ ಮೇಲೆ ಗಮಕಿಗಳು ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಓದುತ್ತಿದ್ದರೆ ಅಕ್ಷರ ಬಾರದವರೂ ಕಣ್ಣೀರಿಡುತ್ತಿದ್ದರು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡಿಗರನ್ನು ಹೊಗಳುವಾಗ, ಓದನ್ನು ವಿಶೇಷವಾಗಿ ಅಭ್ಯಸಿಸದೆಯೂ ಕಾವ್ಯದಲ್ಲಿ ನಿಪುಣರಾದವರು ಎಂದಿದೆ. ನೃಪತುಂಗನ ಮಾನ್ಯಖೇಟವು, ಅಂದರೆ ಇಂದಿನ ಮಳಖೇಡವು, ನಮ್ಮ ಕಲಬುರಗಿ ಜಿಲ್ಲೆಯದೇ. ಮಗ್ಗಿಯನ್ನೂ ಪದ್ಯವನ್ನೂ ರಾಗವಾಗಿ ಹೇಳಿ ಬೆಳೆದ ನನಗೆ ಗಟ್ಟಿ ಓದಿನ ಮೇಲೆ ಕಿಂಚಿತ್ತೂ ದ್ವೇಷವಿಲ್ಲ.

ಆದರೆ ನಮ್ಮ ಪೂರ್ವಿಕರು ಧ್ವನಿಯಲ್ಲಿಯೇ ನಿಂತುಬಿಡಲಿಲ್ಲ. ಜಪದಲ್ಲಿ ವಾಚಿಕ, ಉಪಾಂಶು, ಮಾನಸ ಎಂದು ಮೂರು ಬಗೆಗಳನ್ನು ಹೇಳಿದ್ದಾರೆ. ಗಟ್ಟಿಯಾಗಿ ಉಚ್ಚರಿಸುವುದು ವಾಚಿಕ; ತುಟಿ ಮಾತ್ರ ಅಲುಗಿ ಪಕ್ಕದವರಿಗೂ ಕೇಳಿಸದಿರುವುದು ಉಪಾಂಶು; ಮನಸ್ಸಿನಲ್ಲಿಯೇ ನಡೆಯುವುದು ಮಾನಸ. ಇವುಗಳಲ್ಲಿ ಮಾನಸವನ್ನೇ ಶ್ರೇಷ್ಠವೆಂದು ಸ್ಮೃತಿಕಾರರು ಎಣಿಸಿದರು. ಮಗು ಓದಲು ಕಲಿಯುವ ದಾರಿಯೂ ಇದೇ ಅಲ್ಲವೇ? ಒಂದನೆಯ ತರಗತಿಯ ಮಗು ಅಕ್ಷರಕ್ಕೆ ಬೆರಳಿಟ್ಟು ಕೂಗಿ ಓದುತ್ತದೆ. ಎರಡನೆಯದರಲ್ಲಿ ಗುಣುಗುಣು ಎನ್ನುತ್ತದೆ. ಮೂರು ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ತುಟಿ ನಿಂತು ಕಣ್ಣು ಮಾತ್ರ ಓಡಬೇಕು. ನಮ್ಮ ಶಾಲೆಗಳು ಮಗುವನ್ನು ವಾಚಿಕದ ಮೆಟ್ಟಿಲಿನಲ್ಲಿಯೇ ಕೂರಿಸಿ, ಮೇಲಿನ ಮೆಟ್ಟಿಲುಗಳನ್ನು ಅದರ ಅದೃಷ್ಟಕ್ಕೆ ಬಿಟ್ಟಿವೆ.

'ಪಾಣಿನೀಯ ಶಿಕ್ಷೆ'ಯು ಅಧಮ ಪಾಠಕರ ಆರು ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ. ರಾಗವೆಳೆದು ಓದುವವನು, ಅವಸರದಿಂದ ಓದುವವನು, ತಲೆ ಅಲ್ಲಾಡಿಸುವವನು ಅದರಲ್ಲಿ ಸೇರಿದ್ದಾರೆ. ಅರ್ಥವರಿಯದೆ ಓದುವವನೂ ಸೇರಿದ್ದಾನೆ. ನಮ್ಮ ಯಾವುದೇ ಪ್ರಾಥಮಿಕ ಶಾಲೆಯ ಓಣಿಯಲ್ಲಿ ನಿಂತು ಆಲಿಸಿದರೆ ಈ ನಾಲ್ವರ ಧ್ವನಿಯೂ ಒಟ್ಟಿಗೇ ಕೇಳಿಸುತ್ತದೆ.

ಪಶ್ಚಿಮದಲ್ಲಿಯೂ ಮೌನವಾಚನ ಒಂದು ಕಾಲಕ್ಕೆ ಬೆರಗಿನ ಸಂಗತಿಯಾಗಿತ್ತು. ಮಿಲಾನಿನ ಬಿಷಪ್ ಆಂಬ್ರೋಸ್ ಓದುವಾಗ ಅವನ ಕಣ್ಣುಗಳು ಪುಟದ ಮೇಲೆ ಸರಿಯುತ್ತಿದ್ದರೂ ನಾಲಗೆ ಮಾತ್ರ ಸುಮ್ಮನಿರುತ್ತಿತ್ತೆಂಬುದನ್ನು ಸಂತ ಅಗಸ್ಟೀನನು ತನ್ನ ಆತ್ಮಕಥೆಯಲ್ಲಿ ವಿಶೇಷವಾಗಿ ಬರೆದಿಟ್ಟಿದ್ದಾನೆ.

ಕಣ್ಣು ಮತ್ತು ನಾಲಗೆ

ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುತ್ತದೆಂದು ನಾವು ಭಾವಿಸುತ್ತೇವೆ. ಅದು ಹಾಗಲ್ಲ, ಕಪ್ಪೆಯಂತೆ ಕುಪ್ಪಳಿಸುತ್ತದೆ. ಫ್ರಾನ್ಸಿನ ನೇತ್ರವೈದ್ಯ ಏಮಿಲ್ ಜಾವಾಲ್ 1879ರಷ್ಟು ಹಿಂದೆಯೇ ಇದನ್ನು ಬರೆದನು. ಕಣ್ಣು ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು, ಅಲ್ಲಿ ಕಂಡದ್ದನ್ನು ಗ್ರಹಿಸಿ, ಮುಂದಕ್ಕೆ ಜಿಗಿಯುತ್ತದೆ. ಅರ್ಥವಾಗದಿದ್ದರೆ ಹಿಂದಕ್ಕೂ ಜಿಗಿಯುತ್ತದೆ. ಕಲಿಯುವ ಮಗುವಿನ ಕಣ್ಣು ಹೆಚ್ಚು ಕಡೆ ನಿಲ್ಲುತ್ತದೆ, ಹೆಚ್ಚು ಸಲ ಹಿಂದಿರುಗುತ್ತದೆ. ಅಭ್ಯಾಸವಾದಂತೆ ಜಿಗಿತ ದೊಡ್ಡದಾಗುತ್ತದೆ, ನಿಲುಗಡೆ ಕಡಿಮೆಯಾಗುತ್ತದೆ. ಗಟ್ಟಿಯಾಗಿ ಓದುವಾಗ ಕಣ್ಣು ನಾಲಗೆಗಾಗಿ ಕಾಯಬೇಕು. ಹಿಂದಿರುಗಿ ನೋಡುವ ಸ್ವಾತಂತ್ರ್ಯವೂ ಇಲ್ಲ, ಏಕೆಂದರೆ ಕೇಳುವವರು ನಗುತ್ತಾರೆ. ಮೌನವಾಗಿ ಓದುವಾಗ ಮಗು ಅರ್ಥವಾಗದ ವಾಕ್ಯವನ್ನು ಎರಡು ಸಲ ಓದಬಹುದು, ಚಿತ್ರದ ಬಳಿ ನಿಲ್ಲಬಹುದು, ಬೇಸರ ಬಂದರೆ ಪುಟ ಹಾರಿಸಬಹುದು.

ನಮ್ಮ ಲಿಪಿಗಂತೂ ಈ ಅಭ್ಯಾಸ ಹೆಚ್ಚಾಗಿಯೇ ಬೇಕು. ಇಂಗ್ಲಿಷಿನ ಮಗು 26 ಅಕ್ಷರಗಳನ್ನು ಗುರುತಿಸಿದರೆ ಲಿಪಿಯ ಮಟ್ಟಿಗೆ ಪಾರಾಯಿತು. ಕನ್ನಡದ ಮಗು ವರ್ಣಮಾಲೆಯ ಮೇಲೆ ನಾನೂರಕ್ಕೂ ಮಿಕ್ಕ ಗುಣಿತಾಕ್ಷರಗಳನ್ನೂ, ಅದರ ಮೇಲೆ ಒತ್ತಕ್ಷರಗಳನ್ನೂ ಗುರುತಿಸಬೇಕು. ಕನ್ನಡ ಶಾಲೆಗಳ ಮಕ್ಕಳನ್ನು ಅಭ್ಯಸಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯು, ಅಕ್ಷರಗಳ ಮೇಲಿನ ಪೂರ್ಣ ಹಿಡಿತಕ್ಕೆ ಒಂದೆರಡು ವರ್ಷ ಸಾಲದು, ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಆ ಕಲಿಕೆ ಮುಂದುವರಿಯುತ್ತದೆ ಎಂದು ತೋರಿಸಿತು. ತೆಲುಗಿಗೂ ಇದು ಬಹುಮಟ್ಟಿಗೆ ಅನ್ವಯಿಸುತ್ತದೆ. ಒಂದನೆಯ ತರಗತಿಯ ಕೊನೆಗೆ 'ಅಕ್ಷರ ಮುಗಿಯಿತು' ಎಂದು ಕೈತೊಳೆದುಕೊಳ್ಳುವ ನಮ್ಮ ಪದ್ಧತಿ ಎಷ್ಟು ಅವಸರದ್ದೆಂಬುದು ಇದರಿಂದ ವೇದ್ಯವಾಗುತ್ತದೆ.

ಒಂದಾಣೆಯ ಲೆಕ್ಕ

ಈಗ ಸ್ವಲ್ಪ ಗಣಿತ. ಒಂದು ತರಗತಿಯಲ್ಲಿ 40 ಮಕ್ಕಳು, ಒಂದು ಪೀರಿಯಡ್ಡಿಗೆ 40 ನಿಮಿಷ ಎಂದಿಟ್ಟುಕೊಳ್ಳಿ. ಉಪಾಧ್ಯಾಯರು ಸರದಿಯ ಪ್ರಕಾರ ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದರೆ ಪ್ರತಿ ಮಗುವಿಗೆ ದೊರೆಯುವುದು ಒಂದು ನಿಮಿಷ. ಉಳಿದ 39 ನಿಮಿಷ ಅದು ಮಾಡುವುದೇನು? ಮುಂದೆ ತನ್ನ ಸರದಿಗೆ ಯಾವ ಸಾಲು ಬರುವುದೆಂದು ಎಣಿಸಿ, ಆ ಸಾಲನ್ನಷ್ಟೇ ಗಟ್ಟಿ ಮಾಡಿಕೊಳ್ಳುವುದು. ನಾನೂ ಹಾಗೆ ಮಾಡಿದ್ದೇನೆ, ತಾವೂ ಮಾಡಿರಬಹುದು. ಅದೇ ತರಗತಿಯಲ್ಲಿ 15 ನಿಮಿಷ ಎಲ್ಲರೂ ಮೌನವಾಗಿ ಓದಿದರೆ ಪ್ರತಿ ಮಗುವಿಗೂ ಪೂರ್ತಿ 15 ನಿಮಿಷ ದೊರೆಯುತ್ತದೆ.

'ಪಾಠ ಮುಗಿಸಲಿಕ್ಕೇ ಸಮಯ ಸಾಲದು' ಎಂಬುದು ಮುಖ್ಯೋಪಾಧ್ಯಾಯರ ಮೊದಲ ಉತ್ತರ. 2009ರ ಶಿಕ್ಷಣ ಹಕ್ಕು ಕಾಯಿದೆಯು ಒಂದರಿಂದ ಐದನೆಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆಗಳ ಬೋಧನೆಯನ್ನು ವಿಧಿಸಿದೆ. ದಿನಕ್ಕೆ 15 ನಿಮಿಷದಂತೆ 200 ದಿನಗಳಿಗೆ 3000 ನಿಮಿಷ, ಅಂದರೆ 50 ಗಂಟೆ. ಎಂಟು ನೂರರಲ್ಲಿ ಐವತ್ತು ಎಂದರೆ ಹದಿನಾರರಲ್ಲಿ ಒಂದು ಪಾಲು. ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಒಂದಾಣೆ! ಮಗುವಿನ ಶಾಲಾ ಜೀವನದ ಹದಿನಾರಾಣೆಯಲ್ಲಿ ಒಂದಾಣೆಯನ್ನು ಓದಿಗೆ ಕೊಡಲಾಗದಷ್ಟು ನಾವು ದರಿದ್ರರೇ? ಅದೇ ಕಾಯಿದೆಯ ಅನುಸೂಚಿಯು ಪ್ರತಿಯೊಂದು ಶಾಲೆಯಲ್ಲಿಯೂ ಕಥೆಪುಸ್ತಕಗಳೂ ಪತ್ರಿಕೆಗಳೂ ಉಳ್ಳ ಗ್ರಂಥಾಲಯ ಇರಬೇಕೆನ್ನುತ್ತದೆ. ಅನೇಕ ಕಡೆ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೋಣೆಯ ಒಂದು ಅಲ್ಮಾರಿ; ಬೀಗದ ಕೈ ಅವರ ಜೇಬಿನಲ್ಲಿ; ಪುಸ್ತಕ ಹರಿದರೆ ಲೆಕ್ಕ ಕೊಡಬೇಕೆಂಬ ಭಯದಿಂದ ಅದು ತೆರೆಯುವುದೇ ಇಲ್ಲ.

ಈ ಒಂದಾಣೆಯ ಕೊರತೆಯ ಫಲವೇನೆಂಬುದು ಅಂಕಿಗಳಲ್ಲಿ ಕಾಣುತ್ತದೆ. 'ಪ್ರಥಮ್' ಸಂಸ್ಥೆಯ ಆಸರ್ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 50. ಕೋವಿಡ್ ಮಾರಿ ಬಂದುಹೋದ ಮೇಲೆ 2022ರಲ್ಲಿ ಸುಮಾರು 43. 2024ರಲ್ಲಿ ಮತ್ತೆ ಸುಮಾರು 49. ಕೋವಿಡ್‌ನ ನಷ್ಟ ತುಂಬಿ ಬರುತ್ತಿದೆಯೆಂದು ಸಮಾಧಾನಪಡಬಹುದು. ಆದರೆ ಕೋವಿಡ್‌ಗೆ ಮುನ್ನವೂ ಅರ್ಧದಷ್ಟು ಮಕ್ಕಳು ಓದಲಾರದೆ ಇದ್ದರೆಂಬುದನ್ನು ಮರೆಯಬಾರದು.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲವೆಂಬುದನ್ನು ಒಪ್ಪಬೇಕು. 2022ರ ಜನವರಿಯಲ್ಲಿ ಕೇಂದ್ರವು ನೂರು ದಿನಗಳ ಓದಿನ ಅಭಿಯಾನವನ್ನು ಹಮ್ಮಿಕೊಂಡಿತು. ಅದೇ ವರ್ಷ ತೆಲಂಗಾಣವು ಪ್ರಾಥಮಿಕ ತರಗತಿಗಳಿಗಾಗಿ 'ತೊಲಿಮೆಟ್ಟು' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕವು 2020ರಲ್ಲಿ 'ಓದುವ ಬೆಳಕು' ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಮಕ್ಕಳಿಗೆ ತೆರೆಯಿತು. ಇವೆಲ್ಲವೂ ಸ್ತುತ್ಯರ್ಹ. ಆದರೆ ಓದು ಸಪ್ತಾಹದಂತೆ ಆಚರಿಸಿ ಮುಗಿಸುವ ವ್ರತವಲ್ಲ. ನೂರು ದಿನ ಹಲ್ಲುಜ್ಜಿ ಬಿಟ್ಟುಬಿಡಿ ಎಂದು ಯಾವ ದಂತವೈದ್ಯರೂ ಹೇಳುವುದಿಲ್ಲವಷ್ಟೆ.

ಜಪಾನಿನಲ್ಲಿ ಇದನ್ನು ನಿತ್ಯಕರ್ಮವನ್ನಾಗಿ ಮಾಡಿದ ನಿದರ್ಶನವಿದೆ. 1988ರಲ್ಲಿ ಚಿಬಾ ಪ್ರಾಂತದ ಬಾಲಕಿಯರ ಪ್ರೌಢಶಾಲೆಯೊಂದರಲ್ಲಿ ಹಯಾಶಿ ಹಿರೋಶಿ ಎಂಬ ಉಪಾಧ್ಯಾಯರು ಪಾಠಗಳು ಆರಂಭವಾಗುವ ಮೊದಲು ಹತ್ತು ನಿಮಿಷಗಳ 'ಬೆಳಗಿನ ಓದು' ತಂದರು. ನಿಯಮ ನಾಲ್ಕೇ: ಎಲ್ಲರೂ ಓದುವುದು, ಪ್ರತಿದಿನವೂ ಓದುವುದು, ಇಷ್ಟವಾದುದನ್ನು ಓದುವುದು, ಬರಿದೆ ಓದುವುದು. ಕಾಲಕ್ರಮದಲ್ಲಿ ಅದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಹರಡಿತು. ಅಮೆರಿಕದಲ್ಲಿ ವರ್ಮಾಂಟಿನ ಲೈಮನ್ ಹಂಟ್ 1960ರ ದಶಕದಲ್ಲಿಯೇ ಇಂಥ ಪದ್ಧತಿಯನ್ನು ಪ್ರತಿಪಾದಿಸಿದ್ದನು. ಆದರೆ 2000ದಲ್ಲಿ ಅಲ್ಲಿಯ ರಾಷ್ಟ್ರೀಯ ವಾಚನ ಮಂಡಳಿಯು, ಮೌನವಾಚನದಿಂದಲೇ ಓದಿನ ಸಾಮರ್ಥ್ಯ ಹೆಚ್ಚುತ್ತದೆ ಎಂಬುದಕ್ಕೆ ಸಾಕಷ್ಟು ಪ್ರಮಾಣ ದೊರೆತಿಲ್ಲ ಎಂದಿತು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಪುಸ್ತಕದ ಮುಂದೆ ಕೂರಿಸಿದ ಮಾತ್ರಕ್ಕೆ ಓದು ಬಾರದ ಮಗುವಿಗೆ ಓದು ಬರುವುದಿಲ್ಲ; ಅದಕ್ಕೆ ಕಲಿಸುವವರು ಬೇಕೇ ಬೇಕು. ಮೌನವಾಚನವು ಪಾಠಕ್ಕೆ ಬದಲಿಯಲ್ಲ. ಪಾಠದಲ್ಲಿ ಕಲಿತದ್ದು ಮೈಗೂಡುವ ಸ್ಥಳ ಅದು. ಈಜು ಕಲಿಸುವವನು ದಡದಲ್ಲಿ ಎಷ್ಟೇ ಹೇಳಿಕೊಟ್ಟರೂ ಬಾವಿಗಿಳಿಯದೆ ಈಜು ಬಂದೀತೇ?

ಒಂದು ತಪ್ಪೊಪ್ಪಿಗೆ

ಇಷ್ಟೆಲ್ಲ ಹೇಳುವ ನಾನು ಸೇವೆಯಲ್ಲಿದ್ದಾಗ ಏನು ಮಾಡಿದೆನೆಂದು ತಾವು ಕೇಳಬಹುದು. ಕೇಳಲೇಬೇಕು.

ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಓದಿದವನು. ನಮಗೆ ಕಲಿಸಿದ ಮಾಸ್ತರರೊಬ್ಬರ ಬಳಿ ಒಂದು ಕಬ್ಬಿಣದ ಟ್ರಂಕು ಇತ್ತು. ಶನಿವಾರ ಶಾಲೆ ಬಿಡುವ ಮುನ್ನ ಅದನ್ನು ತೆರೆದು, "ಬೇಕಾದ್ದು ತಗೊಳ್ರಿ, ಆದ್ರ ಸಪ್ಪಳ ಮಾಡಬ್ಯಾಡ್ರಿ" ಎಂದು ಹೇಳಿ ತಾವೂ ಒಂದು ಪುಸ್ತಕ ಹಿಡಿದು ಕೂರುತ್ತಿದ್ದರು. ಶಿವರಾಮ ಕಾರಂತರ 'ಬಾಲ ಪ್ರಪಂಚ'ದ ಒಂದು ಸಂಪುಟವನ್ನು ನಾನು ಮೊದಲು ಮುಟ್ಟಿದ್ದು ಆ ಟ್ರಂಕಿನಲ್ಲಿ. ಬೈಯುವ, ಹೊಡೆಯುವ ಮಾಸ್ತರರು ಒಂದು ಪುಸ್ತಕ ಓದುತ್ತ ತಮ್ಮಷ್ಟಕ್ಕೆ ನಗುವುದನ್ನು ನೋಡಿ ನಮಗೆ ಆಶ್ಚರ್ಯವಾಗುತ್ತಿತ್ತು. ಓದು ದೊಡ್ಡವರಿಗೂ ಸುಖ ಕೊಡುತ್ತದೆ ಎಂಬ ಪಾಠವನ್ನು ಅವರು ಬಾಯಿ ಬಿಡದೆ ಕಲಿಸಿದರು.

1980ರ ದಶಕದಲ್ಲಿ, ಹೈದರಾಬಾದಿನ ಒಂದು ಶಾಲೆಯಲ್ಲಿ ಐದನೆಯ ತರಗತಿ ನನ್ನ ಪಾಲಿಗೆ ಬಂದಾಗ, ಅದೇ ಕ್ರಮವನ್ನು ಅನುಸರಿಸಿದೆ. ಮಧ್ಯಾಹ್ನದ ಊಟದ ನಂತರ ಹದಿನೈದು ನಿಮಿಷ. ಹಳೆಯ 'ಚಂದಮಾಮ'ಗಳು, ಭಾರತ-ಭಾರತಿಯ ಚಿಕ್ಕ ಪುಸ್ತಕಗಳು, ನ್ಯಾಷನಲ್ ಬುಕ್ ಟ್ರಸ್ಟಿನ ಕೆಲವು ಪುಸ್ತಕಗಳು, ತೆಲುಗಿನವು, ಹಿಂದಿಯವು ಎಲ್ಲವನ್ನೂ ಒಂದು ಚೀಲದಲ್ಲಿ ಒಯ್ಯುತ್ತಿದ್ದೆ. ಆ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಯಾದಗಿರಿ ಕಡೆಯಿಂದ ಬಂದ ಗೌಂಡಿ. ಹುಡುಗನಿಗೆ ಉಗ್ಗು. ಸರದಿಯ ಪ್ರಕಾರ ಓದುವಾಗ ಅವನು ಎದ್ದು ನಿಂತರೆ ಮೊದಲ ಅಕ್ಷರದಲ್ಲಿಯೇ ಗಂಟಲು ಕಟ್ಟುತ್ತಿತ್ತು. ಹಿಂದಿನ ಸಾಲಿನಲ್ಲಿ ನಗೆ ಏಳುತ್ತಿತ್ತು. ಇವನಿಗೆ ಓದು ಬಾರದೆಂದು ಹಿಂದಿನ ಉಪಾಧ್ಯಾಯರು ನನಗೆ ಹೇಳಿದ್ದರು. ನಾನೂ ನಂಬಿದ್ದೆ.

ಮೌನವಾಚನ ಆರಂಭವಾದ ಮೂರನೆಯ ವಾರದಲ್ಲಿ ಅವನು ಎರಡು 'ಚಂದಮಾಮ'ಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು ಕುಳಿತಿರುವುದನ್ನು ಕಂಡೆ. ಒಂದು ತೆಲುಗಿನದು, ಒಂದು ಕನ್ನಡದ್ದು. ಆ ಪತ್ರಿಕೆಯ ಬೇರೆ ಬೇರೆ ಭಾಷೆಗಳ ಸಂಚಿಕೆಗಳಲ್ಲಿ ಕಥೆ, ಚಿತ್ರಗಳೆಲ್ಲ ಒಂದೇ ಆಗಿರುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಶಾಲೆಯಲ್ಲಿ ಕಲಿತ ತೆಲುಗು ಅಕ್ಷರವನ್ನು ಹಿಡಿದು, ಮನೆಯಲ್ಲಿ ಆಡುವ ಕನ್ನಡದ ಮಾತನ್ನು ಊಹಿಸಿ, ಅವನು ತಾನಾಗಿಯೇ ಕನ್ನಡ ಲಿಪಿಯನ್ನು ಬಿಡಿಸುತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ದಸರೆಯ ಹೊತ್ತಿಗೆ ಕನ್ನಡದ ಸಂಚಿಕೆಯನ್ನು ತೆಲುಗಿನ ನೆರವಿಲ್ಲದೆ ಓದಿ, ಕಥೆಯನ್ನು ಬರೆದು ತೋರಿಸಿದ. ಓದು ಬಾರದ ಹುಡುಗ!

ಆ ಮೇಲೆ ನಡೆದದ್ದು ಇಷ್ಟೆ. ಒಂದು ದಿನ ತಪಾಸಣೆಗೆ ಬಂದವರು, ತರಗತಿ ನಿಶ್ಶಬ್ದವಾಗಿರುವುದನ್ನೂ ಉಪಾಧ್ಯಾಯನು ಕುರ್ಚಿಯ ಮೇಲೆ ಕುಳಿತು ಪುಸ್ತಕ ಓದುತ್ತಿರುವುದನ್ನೂ ಕಂಡರು. ಪಾಠ ನಡೆಯುತ್ತಿಲ್ಲವೇಕೆಂದು ಕೇಳಿದರು. ನಾನು ವಿವರಿಸಿದೆ. ಸಂಬಳ ಪಡೆದು ಕಥೆ ಓದುವ ಉಪಾಧ್ಯಾಯ ಎಂಬ ಮಾತು ಕೊಠಡಿಯಲ್ಲಿ ಎಲ್ಲರ ಎದುರಿಗೆ ಬಂತು. ಮಾರನೆಯ ದಿನದಿಂದ ಆ ಹದಿನೈದು ನಿಮಿಷ ಮಗ್ಗಿಗೆ ಹೋಯಿತು. ನಾನು ವಾದಿಸಬಹುದಿತ್ತು, ಬರೆದು ಕೊಡಬಹುದಿತ್ತು. ಹೆಂಡತಿ ಮಕ್ಕಳೊಂದಿಗನಾದ ನಾನು ಹಾಗೆ ಮಾಡಲಿಲ್ಲ. ಒಂದು ವಾರ ಕಳೆದ ಮೇಲೆ ಆ ಹುಡುಗ ನನ್ನ ಮೇಜಿನ ಬಳಿ ಬಂದು ಬಹಳ ಹೊತ್ತು ಒದ್ದಾಡಿ, "ಸರ್, ಸುಮ್ನೆ ಓದೋದು ಇನ್ನ ಇಲ್ಲೇನ್ರಿ?" ಎಂದು ಕೇಳಿದ. ಇಲ್ಲವೆಂದೆ. ಏಳನೆಯ ತರಗತಿಯಲ್ಲಿ ಅವನು ಶಾಲೆ ಬಿಟ್ಟು ತಂದೆಯ ಕೂಡ ಕೆಲಸಕ್ಕೆ ಹೋಗತೊಡಗಿದನೆಂದು ಆ ಮೇಲೆ ತಿಳಿಯಿತು. ಮೌನವಾಚನ ಇದ್ದಿದ್ದರೆ ಅವನು ಶಾಲೆ ಬಿಡುತ್ತಿರಲಿಲ್ಲವೆಂದು ನಾನು ಹೇಳಲಾರೆ. ಬಡತನಕ್ಕೆ ಬೇರೆ ಕಾರಣಗಳಿವೆ. ಅವನಿಗೆ ಶಾಲೆಯಲ್ಲಿದ್ದ ಒಂದೇ ನೆಮ್ಮದಿಯ ಹೊತ್ತನ್ನು ನಾನು ಕಾಪಾಡಲಿಲ್ಲ ಎಂದು ಮಾತ್ರ ಹೇಳಬಲ್ಲೆ.

ಅವನ ಆ 'ಸುಮ್ನೆ' ಎಂಬ ಮಾತನ್ನು ಎಷ್ಟೋ ಸಲ ಚಿಂತಿಸಿದ್ದೇನೆ. ನಮ್ಮ ಭಾಷೆಯಲ್ಲಿ 'ಸುಮ್ಮನೆ' ಎಂದರೆ ಸದ್ದಿಲ್ಲದೆ ಎಂದೂ ಅರ್ಥ, ಯಾವ ಪ್ರಯೋಜನವನ್ನೂ ಬಯಸದೆ ಎಂದೂ ಅರ್ಥ. ಅವನು ಯಾವ ಅರ್ಥದಲ್ಲಿ ಹೇಳಿದನೋ ತಿಳಿಯದು. ಮಕ್ಕಳ ಓದಿಗೆ ಎರಡೂ ಬೇಕು.

ಹೈದರಾಬಾದಿನ ಕನ್ನಡಿಗರ ಮಾತು

ಈ ವಿಷಯ ಹೊರನಾಡಿನಲ್ಲಿರುವ ನಮಗೆ ಇತರರಿಗಿಂತ ಹೆಚ್ಚು ಮುಖ್ಯವಾದುದು. 2018ರ ಕಾಯಿದೆಯ ಪ್ರಕಾರ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಇದು ಸಹಜವೂ ಹೌದು, ಸೂಕ್ತವೂ ಹೌದು. ಅನ್ನ ಕೊಟ್ಟ ನಾಡಿನ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಇಂಗ್ಲಿಷ್ ಇದ್ದೇ ಇದೆ, ಹಿಂದಿಯೂ ಬರುತ್ತದೆ. ನಾಲ್ಕನೆಯದಾದ ಕನ್ನಡಕ್ಕೆ ವೇಳಾಪಟ್ಟಿಯಲ್ಲಿ ಸ್ಥಳ ಕೇಳಿದರೆ ಯಾವ ಖಾಸಗಿ ಶಾಲೆಯೂ ಕೊಡಲಾರದು. ಕಾಚಿಗುಡದಲ್ಲಿ ನೃಪತುಂಗನ ಹೆಸರಿನಲ್ಲಿ ಕನ್ನಡ ಶಾಲೆಯನ್ನು ಕಟ್ಟಿದ ಹಿರಿಯರಿಗೆ ನಾವು ಋಣಿಗಳು. ಆದರೆ ಕೂಕಟಪಲ್ಲಿಯಿಂದ ವನಸ್ಥಲಿಪುರದವರೆಗೆ ಚದುರಿರುವ ನಮ್ಮ ಮನೆಗಳ ಮಕ್ಕಳೆಲ್ಲ ಅಲ್ಲಿಗೆ ಹೋಗಲಾರರು.

ಮೌನವಾಚನದ ಹೊತ್ತು ಮಾತ್ರ ಭಾಷೆಯನ್ನು ಕೇಳುವುದಿಲ್ಲ. ಅದಕ್ಕೆ ಕನ್ನಡ ಪಂಡಿತರ ನೇಮಕ ಬೇಡ, ಪಠ್ಯಪುಸ್ತಕ ಬೇಡ, ಮಂಡಳಿಯ ಅನುಮತಿ ಬೇಡ. ತೆಲುಗರ ಮಗು ತೆಲುಗನ್ನೂ ಪಕ್ಕದ ಮಗು ಉರ್ದುವನ್ನೂ ನಮ್ಮ ಮಗು ಕನ್ನಡವನ್ನೂ ಒಂದೇ ಬೆಂಚಿನಲ್ಲಿ ಕುಳಿತು ಓದಬಹುದು. ಕೂಗಿ ಓದುವ ತರಗತಿಯಲ್ಲಿ ಇದು ಸಂತೆಯಾದೀತು. ಮೌನದಲ್ಲಿ ಯಾವ ಭಾಷೆಯೂ ಇನ್ನೊಂದಕ್ಕೆ ಅಡ್ಡಿಯಾಗದು.

ಅದೃಷ್ಟವಶಾತ್ ನಮ್ಮ ದಾರಿ ಸುಗಮವಾಗಿದೆ. ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಶತಮಾನಗಳ ಕಾಲ ಎರಡಕ್ಕೂ ಒಂದೇ ಲಿಪಿಯಿತ್ತು. ಶಾಲೆಯಲ್ಲಿ ತೆಲುಗು ಕಲಿತ ಮಗುವಿಗೆ ತಲೆಕಟ್ಟಿನ ವ್ಯತ್ಯಾಸವನ್ನೂ ಕ, ತ, ಶ ಮೊದಲಾದ ಕೆಲವು ಅಕ್ಷರಗಳ ಬೇರೆ ರೂಪವನ್ನೂ ತೋರಿಸಿಕೊಟ್ಟರೆ ಕೆಲವೇ ವಾರಗಳಲ್ಲಿ ಕನ್ನಡ ಓದಬಲ್ಲದು. ಆ ಗೌಂಡಿಯ ಮಗ ಇದನ್ನು ತೋರಿಸಿಕೊಡುವವರಿಲ್ಲದೆಯೇ ಸಾಧಿಸಿದ.

ಈ ನಗರಕ್ಕೆ ಇಂಥದೊಂದು ಇತಿಹಾಸವೂ ಇದೆ. ನಿಜಾಮರ ಆಳ್ವಿಕೆಯಲ್ಲಿ ಆಡಳಿತಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಆಗ ತೆಲುಗರು ತಮ್ಮ ಭಾಷೆಯನ್ನು ಉಳಿಸಿಕೊಂಡದ್ದು ಬಹುಮಟ್ಟಿಗೆ ವಾಚನಾಲಯಗಳಿಂದ. 1901ರಲ್ಲಿ ಸ್ಥಾಪನೆಯಾದ ಶ್ರೀಕೃಷ್ಣದೇವರಾಯ ಆಂಧ್ರಭಾಷಾ ನಿಲಯ ಅದಕ್ಕೆ ಸಾಕ್ಷಿ. ಗಮನಿಸಿ, ಅದರ ಹೆಸರು ಹೊತ್ತ ದೊರೆ ವಿಜಯನಗರದವನು, ನಮ್ಮವನೂ ಹೌದು! ಕನ್ನಡಿಗರೂ ಕರ್ನಾಟಕ ಸಾಹಿತ್ಯ ಮಂದಿರವನ್ನು ಕಟ್ಟಿ ಪುಸ್ತಕಗಳನ್ನು ಕೂಡಿಟ್ಟರು. ಶಾಲೆ ಕೊಡದಿದ್ದುದನ್ನು ಓದು ಕೊಟ್ಟಿತು.

ಕಣ್ಣಿನ ಕಾಳಜಿ ಮತ್ತು ಇತರ ಆಕ್ಷೇಪಗಳು

ಹೆಚ್ಚು ಓದಿದರೆ ಕನ್ನಡಕ ಬರುತ್ತದೆಂದು ತಾಯಂದಿರು ಅಂಜುವುದುಂಟು. ಹತ್ತಿರದ ಕೆಲಸದಲ್ಲಿಯೇ ದಿನವೆಲ್ಲ ಮುಳುಗಿ ಬಯಲಿಗೆ ಬಾರದ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಹೆಚ್ಚುತ್ತಿದೆ ಎಂಬುದು ನಿಜ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ನೀಡುತ್ತದೆ. ಒಂದನೆಯ ತರಗತಿಯಿಂದ ಮೂರು ವರ್ಷಗಳ ಕಾಲ ಕೆಲವು ಶಾಲೆಗಳ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಬಿಡಲಾಯಿತು. ಹಾಗೆ ಬಿಡದ ಶಾಲೆಗಳಲ್ಲಿ ನೂರಕ್ಕೆ 39.5 ಮಕ್ಕಳಿಗೆ ಸಮೀಪದೃಷ್ಟಿ ಬಂದರೆ, ಬಿಟ್ಟ ಶಾಲೆಗಳಲ್ಲಿ 30.4 ಮಕ್ಕಳಿಗೆ ಬಂದಿತು. ಆದುದರಿಂದ ಮೌನವಾಚನಕ್ಕೆ ಸಮಯವನ್ನು ಎಲ್ಲಿಂದಲಾದರೂ ತೆಗೆಯಿರಿ, ಆಟದ ಪೀರಿಯಡ್ಡಿನಿಂದ ಮಾತ್ರ ತೆಗೆಯಬೇಡಿ. ನಕಲು ಬರವಣಿಗೆಯಿಂದ ತೆಗೆಯಿರಿ. ಒಂದೇ ಉತ್ತರವನ್ನು ಐದು ಸಲ ಬರೆಸುವ ಹೊತ್ತಿನಿಂದ ತೆಗೆಯಿರಿ. ಪುಸ್ತಕ ಕಣ್ಣಿನಿಂದ ಒಂದಡಿಗಿಂತ ಸಮೀಪದಲ್ಲಿರಬಾರದು. ಬೆಳಕು ಪುಟದ ಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು. ಓದು ಮುಗಿದೊಡನೆ ಕಿಟಕಿಯಾಚೆ ದೂರದ ಮರವನ್ನೋ ಆಕಾಶವನ್ನೋ ನೋಡಬೇಕು. ಹತ್ತಿರದ ಅಕ್ಷರ ಕಾಣಿಸದೆ ತಲೆನೋಯುವ ಮಗು, ಸಾಲು ತಪ್ಪುವ ಮಗು ಈ ಹೊತ್ತಿನಲ್ಲಿ ಉಪಾಧ್ಯಾಯರ ಕಣ್ಣಿಗೆ ಬೀಳುವುದೂ ಒಂದು ಲಾಭ. ಅದನ್ನು ನೇತ್ರವೈದ್ಯರಲ್ಲಿಗೆ ಕಳುಹಿಸಬಹುದು.

ಉಪಾಧ್ಯಾಯರು ನಿದ್ದೆ ಮಾಡುತ್ತಾರೆಂಬುದು ಇನ್ನೊಂದು ಆಕ್ಷೇಪ. ಕೆಲವರು ಮಾಡಬಹುದು. ಅಂಥವರು ಪಾಠದ ಹೊತ್ತಿನಲ್ಲಿಯೂ ಮಾಡುತ್ತಾರೆ. ಓದು ಬಾರದ ಮಕ್ಕಳ ಗತಿಯೇನೆಂಬುದು ಮಾತ್ರ ಗಂಭೀರವಾದ ಪ್ರಶ್ನೆ. ಅವರಿಗೆ ಚಿತ್ರವೇ ಪ್ರಧಾನವಾದ, ಪುಟಕ್ಕೆ ಒಂದೆರಡು ಸಾಲುಗಳಿರುವ ಪುಸ್ತಕಗಳನ್ನು ಕೊಡಬೇಕು; ಗುಣುಗುಣು ಎಂದು ಓದಲು ಬಿಡಬೇಕು; ಉಪಾಧ್ಯಾಯರು ಅವರ ಪಕ್ಕದಲ್ಲಿ ಕೂರಬೇಕು. ಅಂಥ ಪುಸ್ತಕಗಳು ಹಿಂದೆ ದುರ್ಲಭವಾಗಿದ್ದವು. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಸಂಸ್ಥೆಯು ಕನ್ನಡ, ತೆಲುಗು ಮೊದಲಾದ ಭಾಷೆಗಳಲ್ಲಿ ಓದಿನ ಮಟ್ಟಕ್ಕನುಗುಣವಾದ ಅಗ್ಗದ ಪುಸ್ತಕಗಳನ್ನು ಹೊರತಂದಿದೆ. ಇಂದು ಹಣವಿಲ್ಲ ಎಂಬ ನೆಪಕ್ಕೆ ಹೆಚ್ಚು ಬಲವಿಲ್ಲ.

ನಮ್ಮಿಂದಾಗುವುದು

ಶಾಲೆಗಳು ಬದಲಾಗುವವರೆಗೆ ಕಾಯುವುದು ಬೇಡ. ನನ್ನದು ಮೂರು ಸಣ್ಣ ಸಲಹೆಗಳು.

ಮೊದಲನೆಯದಾಗಿ, ಪಾಲಕರ ಸಭೆಗೆ ಹೋದಾಗ 'ನನ್ನ ಮಗನಿಗೆ ಎಷ್ಟು ಅಂಕ ಬಂತು?' ಎಂದು ಕೇಳಿದ ಮೇಲೆ, 'ದಿನಕ್ಕೆ ಎಷ್ಟು ಹೊತ್ತು ಅವನು ತನಗಿಷ್ಟವಾದುದನ್ನು ಓದುತ್ತಾನೆ?' ಎಂದೂ ಕೇಳೋಣ. ಹತ್ತು ಜನ ಕೇಳಿದರೆ ಮುಖ್ಯೋಪಾಧ್ಯಾಯರು ಅಲ್ಮಾರಿಯ ಬೀಗದ ಕೈಯನ್ನು ಹುಡುಕಿಯಾರು.

ಎರಡನೆಯದಾಗಿ, ನಮ್ಮ ಸಂಘವು ಐವತ್ತು ಕನ್ನಡ ಮಕ್ಕಳ ಪುಸ್ತಕಗಳ ಟ್ರಂಕುಗಳನ್ನು ಸಿದ್ಧಪಡಿಸಿ, ಕನ್ನಡ ಮಕ್ಕಳಿರುವ ಶಾಲೆಗಳಿಗೂ ಬಡಾವಣೆಗಳಿಗೂ ಮೂರು ತಿಂಗಳಿಗೊಮ್ಮೆ ಸರದಿಯಂತೆ ಕಳುಹಿಸಲಿ. ವಾರ್ಷಿಕೋತ್ಸವದ ಹೂಮಾಲೆ, ಶಾಲು, ಫಲಕಗಳ ವೆಚ್ಚದಲ್ಲಿ ಸ್ವಲ್ಪ ಉಳಿಸಿದರೆ ಒಂದು ಟ್ರಂಕು ತುಂಬುತ್ತದೆ. ಪುಸ್ತಕಗಳು ಹರಿಯಲಿ, ಚಿಂತೆಯಿಲ್ಲ. ಮಕ್ಕಳ ಪುಸ್ತಕ ಹರಿಯುವುದು ಓದಿದ್ದಕ್ಕೆ ಸಾಕ್ಷಿ. ಮೊದಲ ಟ್ರಂಕನ್ನೂ ಅದರ ಅರ್ಧದಷ್ಟು ಪುಸ್ತಕಗಳನ್ನೂ ಕೊಡಲು ನಾನು ಸಿದ್ಧನಿದ್ದೇನೆ.

ಮೂರನೆಯದಾಗಿ, ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಸಂಘದ ಸಭಾಂಗಣದಲ್ಲಿ ಮಕ್ಕಳೂ ಹಿರಿಯರೂ ಕೂಡಿ ಕುಳಿತು ಸುಮ್ಮನೆ ಓದೋಣ. ಸ್ವಾಗತ ಭಾಷಣ ಬೇಡ, ವಂದನಾರ್ಪಣೆ ಬೇಡ, ಮೈಕು ಬೇಡ. ಫೋನುಗಳು ಬಾಗಿಲ ಬಳಿ ಒಂದು ಬುಟ್ಟಿಯಲ್ಲಿರಲಿ. ಓದಿನ ನಂತರ ಉಪ್ಪಿಟ್ಟು, ಚಹಾ ಇರಬಹುದು. ಮಕ್ಕಳು ಸುಮ್ಮನಿರುವರೆಂಬ ಭರವಸೆ ನನಗಿದೆ; ನಮ್ಮ ಹಿರಿಯ ಸದಸ್ಯರ ವಿಷಯದಲ್ಲಿ ಮಾತ್ರ ಸ್ವಲ್ಪ ಸಂದೇಹ!

ಕಳೆದ ಕೆಲವು ತಿಂಗಳಿನಿಂದ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ದೂರದರ್ಶನ ಆರಿರುತ್ತದೆ. ಮೊಮ್ಮಗಳು ಒಂದು ಮೂಲೆಯಲ್ಲಿ, ನಾನೊಂದು ಮೂಲೆಯಲ್ಲಿ. ಮೊದಲ ವಾರ ಅವಳು ಗಡಿಯಾರ ನೋಡುತ್ತಿದ್ದಳು. ಮೊನ್ನೆ ಹೊತ್ತು ಮುಗಿಯಿತೆಂದು ನಾನು ಎದ್ದು ದೀಪ ಆರಿಸಲು ಹೋದಾಗ, ತಲೆ ಎತ್ತದೆ ಕೈ ಅಡ್ಡ ಮಾಡಿ, "ಒಂದು ಪುಟ ಉಳದದ, ತಡೀ ಅಜ್ಜಾ" ಎಂದಳು. ನಾನು ಮತ್ತೆ ಕುಳಿತುಕೊಂಡೆ.